ತುಮಕೂರಿನ ನೀರಿನಲ್ಲಿ ಹದಿನೇಳನೇ ಗುಂಪು

ಸೋಡಿಯಂ ತುಂಡನ್ನು ನೀರಿಗೆ ಹಾಕಿದರೆ ಏನಾಗುತ್ತದೆ ಎಂದು ತುಮಕೂರಿನ ಯಾವ ಪಿಯು ವಿಜ್ಞಾನ ವಿದ್ಯಾರ್ಥಿಯನ್ನು ಕೇಳಿದರೂ ಉತ್ತರ ತುದಿನಾಲಿಗೆಯಲ್ಲಿರುತ್ತದೆ. ಲೋಹ ಕರಗಿ ಉಂಡೆಯಾಗಿ ನೀರಿನ ಮೇಲೆ ಸುಯ್ಯೆಂದು ಓಡಾಡುತ್ತದೆ, ಹೈಡ್ರೋಜನ್ ಹೊರಬರುತ್ತದೆ, ಹಳದಿ ಜ್ವಾಲೆ ಹೊತ್ತಿಕೊಳ್ಳುವುದೂ ಉಂಟು. ಅದಕ್ಕೇ ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ಅದೇ ಹುಡುಗನನ್ನು ಇನ್ನೊಂದು ಪ್ರಶ್ನೆ ಕೇಳಿದರೆ ತಡವರಿಕೆ ಶುರುವಾಗುತ್ತದೆ: ಪಾವಗಡದ ಕಡೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡಿಸುವ ಧಾತು ಆವರ್ತಕ ಕೋಷ್ಟಕದ ಯಾವ ಮನೆಯಲ್ಲಿದೆ? ಅದರ ಹೆಸರು ಫ್ಲೋರಿನ್, ಇರುವುದು ಸೋಡಿಯಂಗೆ ಎದುರು ದಿಕ್ಕಿನಲ್ಲಿ, ಹದಿನೇಳನೇ ಗುಂಪಿನ ತುತ್ತತುದಿಯಲ್ಲಿ. ಇಡೀ ಕೋಷ್ಟಕದಲ್ಲಿ ಅದಕ್ಕಿಂತ ಉಗ್ರವಾದ ಧಾತು ಇನ್ನೊಂದಿಲ್ಲ.

ಹುಡುಗನನ್ನು ದೂರಿ ಫಲವಿಲ್ಲ. ಎನ್‌ಸಿಇಆರ್‌ಟಿ ತನ್ನ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಧಾತುಗಳ ವರ್ಗೀಕರಣದ ಅಧ್ಯಾಯವನ್ನೇ ಕಿತ್ತುಹಾಕಿತು. ಹೊರೆ ಇಳಿಸುವುದು ಅದಕ್ಕೆ ಕೊಟ್ಟ ಕಾರಣ. ಹನ್ನೊಂದಕ್ಕೆ ವಿಜ್ಞಾನ ತೆಗೆದುಕೊಂಡವರಿಗೆ ಆ ಪಾಠ ಸಿಗುತ್ತದೆ, ಹತ್ತಕ್ಕೇ ಓದು ಮುಗಿಸಿದವರಿಗೆ ಇಲ್ಲ. ಕೋಷ್ಟಕದ ಅಂಚಿನ ಎರಡು ಗುಂಪುಗಳು ದಿನವೂ ಮೈಗೆ ತಾಕುವ ಜಿಲ್ಲೆಯಲ್ಲಿ ಇದು ಸಣ್ಣ ನಷ್ಟವೇನಲ್ಲ.

ಆ ಎರಡು ಗುಂಪುಗಳ ಕಥೆ ಸರಳ. ಎಡತುದಿಯಲ್ಲಿ ಒಂದನೇ ಗುಂಪಿನ ಕ್ಷಾರ ಲೋಹಗಳು: ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂ, ಫ್ರಾನ್ಸಿಯಂ. ಇವುಗಳ ಪರಮಾಣುವಿನ ಹೊರಕವಚದಲ್ಲಿ ಇರುವುದು ಒಂದೇ ಎಲೆಕ್ಟ್ರಾನ್. ಅದನ್ನು ಯಾರಿಗಾದರೂ ದಾಟಿಸಿದರೆ ಒಳಗಿನ ಕವಚ ತುಂಬಿ ನೆಮ್ಮದಿ. ಬಲಗಡೆ, ಜಡಾನಿಲಗಳ ಪಕ್ಕದಲ್ಲೇ ಹದಿನೇಳನೇ ಗುಂಪಿನ ಹ್ಯಾಲೋಜನ್‌ಗಳು: ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್. ಇವಕ್ಕೆ ಹೊರಕವಚ ತುಂಬಲು ಒಂದೇ ಒಂದು ಎಲೆಕ್ಟ್ರಾನ್ ಕಡಿಮೆ, ಎಷ್ಟು ಹೊತ್ತಿಗೂ ಅದರ ಹಸಿವು. ಕೊಡಲು ಕಾದವರು ಆ ಕಡೆ, ಕಿತ್ತುಕೊಳ್ಳಲು ಕಾದವರು ಈ ಕಡೆ ಇರುವುದರಿಂದ ಎರಡೂ ಪ್ರಕೃತಿಯಲ್ಲಿ ಸಾಮಾನ್ಯವಾಗಿ ಒಂಟಿಯಾಗಿ ಉಳಿಯುವುದಿಲ್ಲ. ಹಂಫ್ರಿ ಡೇವಿ 1807ರಲ್ಲಿ ವಿದ್ಯುತ್ ಹಾಯಿಸಿ ಬಿಡಿಸುವ ತನಕ ಪೊಟ್ಯಾಸಿಯಂ, ಸೋಡಿಯಂ ಎಂಬ ಲೋಹಗಳನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ.

ಗುಂಪಿನಲ್ಲಿ ಕೆಳಗಿಳಿದಂತೆ ಪರಮಾಣು ಹಿಗ್ಗುತ್ತದೆ, ಹೊರಗಿನ ಎಲೆಕ್ಟ್ರಾನಿನ ಮೇಲೆ ನ್ಯೂಕ್ಲಿಯಸ್ಸಿನ ಹಿಡಿತ ಸಡಿಲಾಗುತ್ತದೆ. ಕೊಡುವವರಿಗೆ ಇದು ಅನುಕೂಲ, ಕಿತ್ತುಕೊಳ್ಳುವವರಿಗೆ ಅನನುಕೂಲ. ಹಾಗಾಗಿ ಕ್ಷಾರ ಲೋಹಗಳು ಕೆಳಗಿಳಿದಷ್ಟೂ ಉಗ್ರವಾಗುತ್ತವೆ, ಹ್ಯಾಲೋಜನ್‌ಗಳು ಕೆಳಗಿಳಿದಷ್ಟೂ ಸೌಮ್ಯವಾಗುತ್ತವೆ. ಲಿಥಿಯಂ ನೀರಿನಲ್ಲಿ ಗುಳುಗುಳು ಎನ್ನುತ್ತದೆ ಅಷ್ಟೇ. ಪೊಟ್ಯಾಸಿಯಂ ನೇರಳೆ ಜ್ವಾಲೆಯೊಡನೆ ಉರಿಯುತ್ತದೆ. ಸೀಸಿಯಂ ಸಿಡಿದು ಪಾತ್ರೆಯನ್ನೇ ಒಡೆಯುತ್ತದೆ. ಸೀಸಿಯಂ ಕರಗಲು 28.5 ಡಿಗ್ರಿ ಸೆಲ್ಸಿಯಸ್ ಸಾಕು, ಅಂದರೆ ತುಮಕೂರಿನ ಮಾರ್ಚ್ ಮಧ್ಯಾಹ್ನಕ್ಕೇ ಅದು ಮುಚ್ಚಿದ ಗಾಜಿನ ಕೊಳವೆಯೊಳಗೆ ಹೊನ್ನಿನ ಬಣ್ಣದ ದ್ರವವಾಗಿ ಹರಿದಾಡುತ್ತದೆ. (ಲಿಥಿಯಂ ಎಂದಾಕ್ಷಣ ನೆನಪಾಗುವ ನಮ್ಮ ಊರು ಮಂಡ್ಯ ಜಿಲ್ಲೆಯ ಮರ್ಲಗಲ್ಲ. 2020ರಲ್ಲಿ ಅಲ್ಲಿ 14,100 ಟನ್ ಇದೆಯೆಂಬ ಅಂದಾಜು ದೊಡ್ಡ ಸುದ್ದಿಯಾಯಿತು. ಮರುವರ್ಷ ಸರ್ಕಾರ ಹೇಳಿದ ಪ್ರಾಥಮಿಕ ಲೆಕ್ಕ 1,600 ಟನ್.)

ಹ್ಯಾಲೋಜನ್‌ಗಳ ಕಡೆ ಉಗ್ರತೆಯೆಲ್ಲ ಮೇಲ್ತುದಿಯಲ್ಲಿದೆ. ಫ್ಲೋರಿನ್ ಅನಿಲವನ್ನು ಅದರ ಲವಣಗಳಿಂದ ಬಿಡಿಸಲು ಹೊರಟ ರಸಾಯನಶಾಸ್ತ್ರಜ್ಞರ ಪೈಕಿ ಬೆಲ್ಜಿಯಂನ ಪೌಲಿನ್ ಲೂಯೆಟ್ ಪ್ರಾಣವನ್ನೇ ತೆತ್ತರು, ಹಲವರು ವಿಷಬಾಧೆಗೆ ತುತ್ತಾಗಿ ಬದುಕಿದರು. ಕೊನೆಗೆ 1886ರ ಜೂನ್ 26ರಂದು ಪ್ಯಾರಿಸ್‌ನಲ್ಲಿ ಹೆನ್ರಿ ಮೊಯ್ಸನ್ ಪ್ಲಾಟಿನಂ ಉಪಕರಣದೊಳಗೆ ಅದನ್ನು ಹಿಡಿದರು, 1906ರಲ್ಲಿ ಅವರಿಗೆ ನೊಬೆಲ್ ಬಂತು. ಒಂಟಿ ಫ್ಲೋರಿನ್ ಪ್ರಕೃತಿಯಲ್ಲಿ ಎಲ್ಲಿಯೂ ಇಲ್ಲವೆಂದು ಪುಸ್ತಕಗಳು ಬಹುಕಾಲ ಬರೆದುಕೊಂಡು ಬಂದವು. ಜರ್ಮನಿಯ ಬವೇರಿಯಾದಲ್ಲಿ ಸಿಗುವ, ಕುಟ್ಟಿದರೆ ಘಾಟು ಹೊಡೆಯುವ ಒಂದು ಕಪ್ಪು ಖನಿಜದೊಳಗೆ ಅದು ಸೆರೆಯಾಗಿ ಕೂತಿದೆಯೆಂದು 2012ರಲ್ಲಿ ಖಚಿತವಾಯಿತು.

ಇಷ್ಟು ಉಗ್ರನಾದವನು ನೀರಿಗಿಳಿದರೆ ನೀರೇ ಉರಿದುಹೋಗಬೇಕಲ್ಲ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಫ್ಲೋರಿನ್ ಅನಿಲ ನಿಜಕ್ಕೂ ನೀರಿನೊಡನೆ ಹಾಗೆಯೇ ವರ್ತಿಸುತ್ತದೆ. ಆದರೆ ಪಾವಗಡದ ಕಡೆಯ ಕೊಳವೆಬಾವಿಯಲ್ಲಿ ಇರುವುದು ಫ್ಲೋರಿನ್ ಅಲ್ಲ, ಫ್ಲೋರೈಡ್. ಅಂದರೆ ಬೇಕಿದ್ದ ಒಂದು ಎಲೆಕ್ಟ್ರಾನ್ ಸಿಕ್ಕಿ ಹಸಿವು ತೀರಿದ ಅಯಾನು. ಅದಕ್ಕೆ ಬಣ್ಣವಿಲ್ಲ, ನೀರಿನಲ್ಲಿರುವ ಪ್ರಮಾಣದಲ್ಲಿ ರುಚಿಯಿಲ್ಲ, ವಾಸನೆಯಿಲ್ಲ. ಪಠ್ಯಪುಸ್ತಕ ನಮಗೆ ತೋರಿಸುವುದು ಈ ಗುಂಪುಗಳ ಸಿಡಿತವನ್ನು, ಮನೆಯಲ್ಲಿ ನಮ್ಮ ಜೊತೆ ಬದುಕುವುದು ಸಿಡಿತ ಮುಗಿಸಿಕೊಂಡು ಬಂದ ಅಯಾನುಗಳು. ಲಾಭ ನಷ್ಟಗಳೆರಡೂ ಹೆಚ್ಚಾಗಿ ಈ ತಣ್ಣಗಾದ ರೂಪದಿಂದಲೇ ಬರುತ್ತವೆ.

ಫ್ಲೋರೈಡ್ ನೀರಿಗೆ ಬಂದದ್ದು ಕಲ್ಲಿನಿಂದ. ರಾಮನಗರ ಕ್ಲೋಸ್‌ಪೇಟೆಯಾಗಿದ್ದ ಕಾಲದಲ್ಲಿ ಭೂವಿಜ್ಞಾನಿಗಳು ಹೆಸರಿಟ್ಟ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿ ಅಲ್ಲಿಂದ ಉತ್ತರಕ್ಕೆ ಹಾಯುತ್ತದೆ. ಸಾವನದುರ್ಗ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿಯ ಏಕಶಿಲಾ ಬೆಟ್ಟ ಎಲ್ಲವೂ ಅದರ ಶಿಖರಗಳೇ. ವಯಸ್ಸು ಸುಮಾರು 250 ಕೋಟಿ ವರ್ಷ. ಗುಬ್ಬಿ, ಕುಣಿಗಲ್‌ಗಳ ನೆಲ ಬಹುಪಾಲು ಅದಕ್ಕಿಂತ ಹಳೆಯ ನೈಸ್ ಶಿಲೆಯದು. ದೇವರಾಯನದುರ್ಗದ ದಾರಿಯಲ್ಲಿ ಒಡೆದ ಬಂಡೆಯೊಂದನ್ನು ಹತ್ತಿರದಿಂದ ನೋಡಿದರೆ ಅದರೊಳಗೆ ಕೋಷ್ಟಕದ ಎರಡೂ ಅಂಚುಗಳಿವೆ. ಗುಲಾಬಿ ಛಾಯೆಯ ದೊಡ್ಡ ಹರಳುಗಳು ಪೊಟ್ಯಾಸಿಯಂ ಅಡಗಿರುವ ಫೆಲ್ಡ್‌ಸ್ಪಾರ್. ಬಿಳಿಯವುಗಳಲ್ಲಿ ಸೋಡಿಯಂ, ಕ್ಯಾಲ್ಸಿಯಂ. ನಡುನಡುವೆ ಉಗುರಿನಲ್ಲಿ ಕೆದಕಿದರೆ ಪದರ ಪದರವಾಗಿ ಏಳುವ ಕಪ್ಪು ಚೂರುಗಳು ಬಯೋಟೈಟ್ ಎಂಬ ಕಾಗೆಬಂಗಾರ. ಫ್ಲೋರೈಡ್ ಕೂತಿರುವುದು ಈ ಕಾಗೆಬಂಗಾರದಲ್ಲಿ, ಜೊತೆಗೆ ಅಪಟೈಟ್, ಫ್ಲೋರೈಟ್‌ನಂಥ ಸಣ್ಣ ಖನಿಜಗಳಲ್ಲಿ.

ಅದು ಅಲ್ಲಿಗೆ ಹೇಗೆ ಹೊಕ್ಕಿತು, ಅಲ್ಲಿಂದ ಹೇಗೆ ಹೊರಟಿತು ಎಂಬುದರಲ್ಲೇ ಇಡೀ ಸಮಸ್ಯೆಯ ಕೀಲಿ ಇದೆ. ಫ್ಲೋರೈಡ್ ಅಯಾನು ಮತ್ತು ನೀರಿನಿಂದ ಹುಟ್ಟುವ ಹೈಡ್ರಾಕ್ಸಿಲ್ ಅಯಾನು ಗಾತ್ರದಲ್ಲಿ ಹೆಚ್ಚು ಕಡಿಮೆ ಒಂದೇ, ವಿದ್ಯುದಂಶವೂ ಒಂದೇ. ಹರಳಿನ ಚೌಕಟ್ಟಿನಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಕ್ಷಾರೀಯವಾದಾಗ ಅದರ ಹೈಡ್ರಾಕ್ಸಿಲ್ ಕಾಗೆಬಂಗಾರದೊಳಗೆ ಹೋಗುತ್ತದೆ, ಫ್ಲೋರೈಡ್ ನೀರಿಗೆ ಬರುತ್ತದೆ. ಇಲ್ಲಿ ಎರಡನೇ ಗುಂಪಿನ ಕ್ಯಾಲ್ಸಿಯಂ ಒಂದು ಪಾತ್ರ ವಹಿಸುತ್ತದೆ. ನೀರಿನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕಿಳಿಸುತ್ತದೆ. ಆ ಲವಣ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಆದರೆ ಆಳದಲ್ಲಿ ತಂಗಿದ ನೀರಿನಿಂದ ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಕಳೆದುಹೋಗಿ ಆ ಜಾಗಕ್ಕೆ ಸೋಡಿಯಂ ಬರುತ್ತದೆ. ಸೋಡಿಯಂ ಫ್ಲೋರೈಡ್ ಚೆನ್ನಾಗಿ ಕರಗುತ್ತದೆ. ಇದರ ಒಂದು ವಿಚಿತ್ರ ಪರಿಣಾಮವೆಂದರೆ, ಬೇಳೆ ಬೇಗ ಬೇಯುತ್ತದೆ, ಸೋಪು ಸೊಗಸಾಗಿ ನೊರೆ ಬರುತ್ತದೆ ಎಂದು ಮನೆಯವರು ಮೆಚ್ಚುವ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರಬಹುದು, ಗಡಸು ನೀರೆಂದು ಬೈಸಿಕೊಳ್ಳುವ ಪಕ್ಕದ ಬಾವಿಯಲ್ಲಿ ಕಡಿಮೆ ಇರಬಹುದು. ನಾಲಿಗೆಯನ್ನು ನಂಬಿ ತೀರ್ಮಾನ ಮಾಡುವ ಹಾಗಿಲ್ಲ.

ಬಂಡೆಯಲ್ಲಿ ನಡೆದ ಅದಲು ಬದಲು ಮಗುವಿನ ಬಾಯಲ್ಲಿ ತಿರುಗುಮುರುಗಾಗಿ ನಡೆಯುತ್ತದೆ. ಹಲ್ಲಿನ ಎನಾಮಲ್ ಹೈಡ್ರಾಕ್ಸಿಅಪಟೈಟ್ ಎಂಬ ಹರಳು. ಅದರಲ್ಲೂ ಹೈಡ್ರಾಕ್ಸಿಲ್ ಇದೆ. ಫ್ಲೋರೈಡ್ ಬಂದು ಆ ಜಾಗ ಹಿಡಿಯುತ್ತದೆ. ಸ್ವಲ್ಪ ಹಿಡಿದರೆ ಹಲ್ಲು ಆಮ್ಲಕ್ಕೆ ಜಗ್ಗದ ಹಾಗೆ ಗಟ್ಟಿಯಾಗುತ್ತದೆ, ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ ಹಾಕುವುದು ಅದಕ್ಕೇ. ನಿತ್ಯ ಕುಡಿಯುವ ನೀರಿನಲ್ಲಿ ಪ್ರಮಾಣ ಮೀರಿದರೆ ದವಡೆಯೊಳಗೆ ಎನಾಮಲ್ ಕಟ್ಟುವ ಜೀವಕೋಶಗಳ ಕೆಲಸವೇ ಕೆಡುತ್ತದೆ. ಕಾಯಂ ಹಲ್ಲುಗಳು ಒಳಗೇ ರೂಪುಗೊಳ್ಳುವುದು ಸುಮಾರು ಎಂಟು ವರ್ಷದವರೆಗೆ. ಆಮೇಲೆ ಹೊರಬಂದ ಹಲ್ಲಿನ ಸುಣ್ಣಬಿಳುಪು ಮಚ್ಚೆ, ಕಂದು ಗೆರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅಂಥ ನೀರಿನ ಊರಿಗೆ ಬೇರೆಡೆಯಿಂದ ಸೊಸೆಯಾಗಿ ಬಂದವಳ ಹಲ್ಲು ಬೆಳ್ಳಗೇ ಇರುತ್ತದೆ, ಅವಳ ಮಕ್ಕಳದು ಕಂದಾಗುತ್ತದೆ. ಹಾಗೆಂದು ಅವಳೂ ಪಾರಾದಂತಲ್ಲ. ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳಲ್ಲಿ ಫ್ಲೋರೈಡ್ ಸೇರಿ ಬೆನ್ನು ಬಾಗಿಸಲಾಗದ ಬಿಗಿತ ಬರುತ್ತದೆ. ಅದನ್ನು ವಯಸ್ಸಿನ ವಾಯುನೋವೆಂದು ಸುಮ್ಮನಾಗುವವರೇ ಹೆಚ್ಚು.

ಭಾರತದಲ್ಲಿ ಈ ಕಾಯಿಲೆಯನ್ನು ಮೊದಲು ವೈದ್ಯಕೀಯ ಪತ್ರಿಕೆಗೆ ಬರೆದದ್ದು 1937ರಲ್ಲಿ, ಮದ್ರಾಸ್ ಪ್ರಾಂತದ ನೆಲ್ಲೂರಿನ ರೋಗಿಗಳನ್ನು ನೋಡಿದ ಶಾರ್ಟ್ ಮತ್ತು ಸಂಗಡಿಗರು. ಕುಡಿಯುವ ನೀರಿಗೆ ಈಗಿನ ಭಾರತೀಯ ಮಾನಕ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ವಿನಾಯಿತಿ. ತುಮಕೂರು ಜಿಲ್ಲೆಯಲ್ಲಿ ಪಾವಗಡ, ಮಧುಗಿರಿ, ಶಿರಾ ತಾಲ್ಲೂಕುಗಳ ಹೆಸರು ಫ್ಲೋರೈಡ್ ಪಟ್ಟಿಯಲ್ಲಿ ಹಳೆಯವು. ದಕ್ಷಿಣದ ತಾಲ್ಲೂಕುಗಳಿಗೆ ಹೇಮಾವತಿಯ ಆಸರೆ ಇದೆ, ಆದರೆ ಕೊಳವೆಬಾವಿ ನೆಚ್ಚಿದ ಊರುಗಳಲ್ಲಿ ಪ್ರತಿ ಬಾವಿಯ ನೀರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ನೋಡದೆ ಗತಿಯಿಲ್ಲ.

ಈ ನೀರಿಗೆ ಜನ ತಾವಾಗಿ ಹೋದದ್ದಲ್ಲ. ಹಿಂದೆ ಕುಡಿಯುತ್ತಿದ್ದದ್ದು ಕೆರೆ, ಕಲ್ಯಾಣಿ, ತೆರೆದ ಬಾವಿಯ ನೀರು. ಜನಪದರ ಹಾಡಿಗೇ ಏರಿದ ಕುಣಿಗಲ್ ದೊಡ್ಡಕೆರೆಯಂಥ ಕೆರೆಗಳ ಮಳೆನೀರಿಗೆ ಬಂಡೆಯೊಳಗೆ ತಂಗುವ ಹೊತ್ತೆಲ್ಲಿ? ಅದರಲ್ಲಿ ಫ್ಲೋರೈಡ್ ಅತ್ಯಲ್ಪ. ಇದ್ದದ್ದು ಕಾಲರಾ, ನಾರುಹುಣ್ಣು. ಅವುಗಳಿಂದ ಜನರನ್ನು ಬಿಡಿಸಲು ಎಪ್ಪತ್ತರ ದಶಕದಿಂದ ಊರೂರಿಗೆ ಕೈಪಂಪು ಬಂತು, ಬಹಳ ಜೀವ ಉಳಿಸಿತು. ಆಮೇಲೆ ತೋಟಕ್ಕೆಂದು ಮೋಟಾರು ಇಳಿಯಿತು, ಅಂತರ್ಜಲ ಕುಸಿಯಿತು, ಕೊರೆತ ಸಾವಿರ ಅಡಿ ಮುಟ್ಟಿತು. ಆಳಕ್ಕೆ ಹೋದಷ್ಟೂ ಬಂಡೆಯೊಡನೆ ಹೆಚ್ಚು ಕಾಲ ಕಳೆದ ನೀರು ಕೊಡಕ್ಕೆ ಬಂತು.

ನೀರು ಕುದಿಸಿ ಕುಡಿಯಿರಿ ಎಂಬ ಒಳ್ಳೆಯ ಬುದ್ಧಿಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಆವಿಯಾಗಿ ಹೋಗುವುದು ನೀರು, ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ದಟ್ಟವಾಗುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಅಯಾನು ಸಿಗುವುದಿಲ್ಲ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣ ಮತ್ತು ಪಟಿಕ ಕಲಸಿ, ತಳಕ್ಕಿಳಿಯುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಗಷ್ಟಿನ ಜೊತೆ ಫ್ಲೋರೈಡನ್ನೂ ಇಳಿಸುತ್ತಾರೆ. ಅಗ್ಗದ ಉಪಾಯ, ಆದರೆ ದಿನಾ ಅಳತೆ ತಪ್ಪದೆ ಕಲಸುವ ಕೈ ಬೇಕು. ಹಳ್ಳಿಗಳಲ್ಲಿ ಕೊನೆಗೆ ಗೆದ್ದದ್ದು ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಆರ್‌ಒ ಘಟಕ. ಗುಬ್ಬಿ, ಕುಣಿಗಲ್ ಕಡೆ ಬೆಳಿಗ್ಗೆ ಬೈಕಿನ ಎರಡೂ ಕಡೆ ಕ್ಯಾನ್ ತೂಗುಹಾಕಿಕೊಂಡು ಹೋಗುವವರು ಈಗ ಮಾಮೂಲಿ ದೃಶ್ಯ. ಘಟಕದ ಮುಂದಿನ ನಲ್ಲಿಯನ್ನು ಎಲ್ಲರೂ ನೋಡುತ್ತಾರೆ, ಹಿಂದಿನ ಪೈಪನ್ನು ಯಾರೂ ನೋಡುವುದಿಲ್ಲ. ಪೊರೆ ತಡೆದ ಫ್ಲೋರೈಡೆಲ್ಲ ದಟ್ಟವಾಗಿ ಆ ಪೈಪಿನಿಂದ ಚರಂಡಿಗೋ ಪಕ್ಕದ ಹಳ್ಳಕ್ಕೋ ಹೋಗುತ್ತದೆ. ನೆಲದಿಂದ ಎತ್ತಿದ್ದನ್ನು ನೆಲಕ್ಕೇ ಹಿಂತಿರುಗಿಸುವ ಈ ವ್ಯವಸ್ಥೆಗೆ ಶುದ್ಧೀಕರಣ ಎನ್ನುವುದು ಅರ್ಧ ಸತ್ಯ. ಪಾವಗಡಕ್ಕೆ ತುಂಗಭದ್ರಾ ಹಿನ್ನೀರನ್ನು ತರುವ ಯೋಜನೆಯ ತರ್ಕ ಇದಕ್ಕಿಂತ ಗಟ್ಟಿ: ಕೆಟ್ಟ ನೀರನ್ನು ಸೋಸುವ ಬದಲು ಬಂಡೆ ಮುಟ್ಟದ ನೀರನ್ನೇ ಕುಡಿಸುವುದು.

ತುಮಕೂರು ನಗರ ಕುಡಿಯುವುದು ಅಂಥ ನೀರನ್ನೇ. ಗೊರೂರಿನಿಂದ ನಾಲೆಯಲ್ಲಿ ಬಂದ ಹೇಮಾವತಿ ಬುಗುಡನಹಳ್ಳಿ ಕೆರೆ ತುಂಬಿ, ಶುದ್ಧವಾಗಿ, ನಲ್ಲಿಗೆ ಬರುತ್ತದೆ. ಹರಿಯುವ ನೀರಿನ ಶತ್ರು ಕ್ರಿಮಿ. ಅದನ್ನು ಕೊಲ್ಲಲು ಬೇಕಾದದ್ದು ಅದೇ ಗುಂಪಿನ ಎರಡನೆಯವನು, ಕ್ಲೋರಿನ್. ಫ್ಲೋರೈಡಿನ ಕಥೆ ಇಲ್ಲಿ ತಲೆಕೆಳಗಾಗುತ್ತದೆ: ಹಸಿವು ತೀರಿದ ಕ್ಲೋರೈಡ್ ಅಯಾನಿಗೆ ಕ್ರಿಮಿ ಕೊಲ್ಲುವ ಶಕ್ತಿಯಿಲ್ಲ, ಅದು ಬರೀ ಉಪ್ಪಿನ ಅಂಶ. ಕ್ಲೋರಿನ್ ನೀರಿನಲ್ಲಿ ಬೆರೆತಾಗ ಹುಟ್ಟುವ ಹೈಪೋಕ್ಲೋರಸ್ ಆಮ್ಲದಲ್ಲಿರುವ ಇನ್ನೂ ಹಸಿದ ಕ್ಲೋರಿನ್, ಬ್ಯಾಕ್ಟೀರಿಯಾದ ಪೊರೆ ಮತ್ತು ಪ್ರೋಟೀನುಗಳಿಂದ ಎಲೆಕ್ಟ್ರಾನ್ ಕಿತ್ತು ಅದನ್ನು ಸಾಯಿಸುತ್ತದೆ, ತಾನು ಕ್ಲೋರೈಡ್ ಆಗಿ ತಣ್ಣಗಾಗುತ್ತದೆ. ಹಾಗಾಗಿ ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂನಷ್ಟು ಖರ್ಚಾಗದ ಕ್ಲೋರಿನ್ ಉಳಿದಿರಬೇಕೆಂಬುದು ನಿಯಮ. ನೀರಿಗೆ ಔಷಧಿ ವಾಸನೆ ಎಂದು ಮೂಗು ಮುರಿಯುವವರು ಆ ದಿನ ಸ್ವಲ್ಪ ನಿಶ್ಚಿಂತೆಯಿಂದ ಇರಬಹುದು.

ಹಳ್ಳಿಯಲ್ಲಿ ಈ ರಸಾಯನಶಾಸ್ತ್ರವೆಲ್ಲ ನೀರುಗಂಟಿಯ ಕೈಯಲ್ಲಿದೆ. ಓವರ್‌ಹೆಡ್ ಟ್ಯಾಂಕಿಗೆ ಹಾಕಬೇಕಾದ ಬ್ಲೀಚಿಂಗ್ ಪುಡಿಯನ್ನು ಅವನು ಬಕೆಟ್ಟಿನಲ್ಲಿ ಕಲಸಿ, ಸುಣ್ಣದ ಗಸಿ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿಯಬೇಕು, ಅರ್ಧ ಗಂಟೆ ಬಿಟ್ಟು ವಾಲ್ವ್ ತಿರುಗಿಸಬೇಕು. ಹೊಸ ಪುಡಿಯಲ್ಲಿ ತೂಕದ ಸುಮಾರು ಮೂರನೇ ಒಂದು ಭಾಗ ಕ್ರಿಮಿ ಕೊಲ್ಲಬಲ್ಲ ಕ್ಲೋರಿನ್ ಇರುತ್ತದೆ. ಬಾಯಿ ಬಿಚ್ಚಿದ ಚೀಲವನ್ನು ಬೇಸಿಗೆಯಲ್ಲಿ ಪಂಪ್‌ಹೌಸಿನ ಮೂಲೆಗೆ ಒರಗಿಸಿಟ್ಟರೆ ಕೆಲವೇ ತಿಂಗಳಲ್ಲಿ ಅದು ಹಾರಿಹೋಗಿ ಉಳಿಯುವುದು ಸುಣ್ಣ. ಲೆಕ್ಕದ ಪುಸ್ತಕದಲ್ಲಿ ಪುಡಿ ಹಾಕಿದ್ದು ದಾಖಲಾಗಿರುತ್ತದೆ, ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. 2024ರ ಜೂನ್‌ನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಜಾತ್ರೆಯ ಹಿಂದೆಯೇ ವಾಂತಿಭೇದಿ ಹಬ್ಬಿ ಜೀವಗಳು ಹೋದಾಗ ಜಿಲ್ಲೆಯ ಟ್ಯಾಂಕುಗಳ ಕಡೆ ಎಲ್ಲರ ಕಣ್ಣು ತಿರುಗಿತ್ತು. ಉಳಿಕೆ ಕ್ಲೋರಿನ್ ಅಳೆಯಲು ಒಂದು ಹನಿ ದ್ರಾವಣ, ಒಂದು ಬಣ್ಣದ ಪಟ್ಟಿ ಸಾಕು. ಜಾತ್ರೆಗೆ ಮೊದಲೇ ಅಳೆದರೆ ಪ್ರಯೋಜನ ಹೆಚ್ಚು.

ಅಯೋಡಿನ್ ಬಗ್ಗೆ ಹೆಚ್ಚು ಹೇಳುವುದು ಬೇಕಿಲ್ಲ, ಅದು ಪ್ರತಿ ಮನೆಯ ಉಪ್ಪಿನ ಡಬ್ಬಿಯಲ್ಲಿದೆ. ನೆಪೋಲಿಯನ್ ಯುದ್ಧಗಳಿಗೆ ಮದ್ದಿನುಪ್ಪು ತಯಾರಿಸುತ್ತಿದ್ದ ಬರ್ನಾರ್ಡ್ ಕೂರ್ಟ್ವಾಗೆ 1811ರಲ್ಲಿ ಕಡಲಕಳೆಯ ಬೂದಿಯಲ್ಲಿ ಅದು ನೇರಳೆ ಹೊಗೆಯಾಗಿ ಕಂಡಿತು. ನಮ್ಮ ಉಪ್ಪಿಗೆ ಬೆರೆಸುವುದು ಪೊಟ್ಯಾಸಿಯಂ ಅಯೋಡೇಟ್. ಸೆಖೆ, ತೇವ ತಡೆದುಕೊಳ್ಳುತ್ತದೆಂದು ಅದನ್ನೇ ಆರಿಸಿದ್ದಾರೆ. ಮಲೆನಾಡಿನ ಗಳಗಂಡ ಕಡಿಮೆಯಾದದ್ದರಲ್ಲಿ ಈ ಚಿಟಿಕೆಯ ಪಾಲು ದೊಡ್ಡದು. ಈಗ ದುಬಾರಿ ಬೆಲೆಯ ಗುಲಾಬಿ ಕಲ್ಲುಪ್ಪನ್ನು ಆರೋಗ್ಯಕ್ಕೆಂದು ಕೊಳ್ಳುವವರು ಪೊಟ್ಟಣದ ಹಿಂಬದಿ ಒಮ್ಮೆ ಓದಬೇಕು. ಅದರಲ್ಲಿ ಅಯೋಡಿನ್ ಬೆರೆಸಿಲ್ಲದಿದ್ದರೆ ಸೊಬಗಿಗೆ ತೆತ್ತ ದುಡ್ಡಾಯಿತು ಅಷ್ಟೇ.

ಉಳಿದವನು ಬ್ರೋಮಿನ್. ನೀರಿನಲ್ಲೂ ಅಡುಗೆಮನೆಯಲ್ಲೂ ಹುಡುಕಿದರೆ ಸಿಗುವುದಿಲ್ಲ, ಗುಬ್ಬಿಗೆ ಹೋಗಬೇಕು. 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ನಾಡಿನ ದೊಡ್ಡ ಹೆಸರಾಗಿಸಿದ ಗುಬ್ಬಿ ವೀರಣ್ಣ ಆನೆ, ಕುದುರೆಗಳನ್ನು ರಂಗದ ಮೇಲೆ ತಂದದ್ದು ಎಲ್ಲರಿಗೂ ಗೊತ್ತು. ಮೂಕಿ ಕಾಲದಲ್ಲೇ ಅವರು ಸಿನಿಮಾಕ್ಕೂ ಕೈಹಾಕಿದ್ದರು. 1931ರ 'ಹಿಸ್ ಲವ್ ಅಫೇರ್', 1932ರ 'ಹರಿಮಾಯಾ', ಆಮೇಲೆ ಮಾತಿನ ಚಿತ್ರ 'ಸದಾರಮೆ', 1945ರ 'ಹೇಮರೆಡ್ಡಿ ಮಲ್ಲಮ್ಮ', ರಾಜ್‌ಕುಮಾರ್ ನಾಯಕನಾಗಿ ಬಂದ 1954ರ 'ಬೇಡರ ಕಣ್ಣಪ್ಪ'ದವರೆಗೆ ಆ ಸಾಲು ಉದ್ದ. ಈ ಚಿತ್ರಗಳೆಲ್ಲ ಮೂಡಿದ್ದು ಜಿಲೆಟಿನ್ ಪದರದಲ್ಲಿ ಹರಡಿದ ಸಿಲ್ವರ್ ಬ್ರೋಮೈಡ್ ಕಣಗಳ ಮೇಲೆ.

ಬ್ರೋಮೈಡೇ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಗುಂಪಿನ ಆ ಏರಿಳಿತದಲ್ಲೇ ಇದೆ. ಬೆಳ್ಳಿಯ ಫ್ಲೋರೈಡ್ ನೀರಿನಲ್ಲಿ ಕರಗಿಹೋಗುತ್ತದೆ, ಫಿಲ್ಮ್ ತೊಳೆಯುವ ಹೊತ್ತಿಗೇ ಮಾಯ. ಕ್ಲೋರೈಡ್ ಬೆಳಕಿಗೆ ನಿಧಾನ. ಫೋಟೋ ಪ್ರಿಂಟಿನ ಕಾಗದಕ್ಕೆ ಸರಿ, ಕ್ಷಣದಲ್ಲಿ ಕಣ್ಣುಮುಚ್ಚುವ ಕ್ಯಾಮೆರಾಕ್ಕೆ ಸಾಲದು. ನಡುಮನೆಯ ಬ್ರೋಮೈಡ್ ಎಲೆಕ್ಟ್ರಾನನ್ನು ಹಿಡಿದುಕೊಂಡಿದೆ, ಆದರೆ ಫ್ಲೋರೈಡಿನಷ್ಟು ಬಿಗಿಯಾಗಿ ಅಲ್ಲ. ಬೆಳಕು ತಾಕಿದೊಡನೆ ಅದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ, ಪಕ್ಕದ ಬೆಳ್ಳಿ ಅಯಾನು ಅದನ್ನು ಪಡೆದು ಬೆಳ್ಳಿಯ ಪರಮಾಣುವಾಗುತ್ತದೆ. ಕಣದೊಳಗೆ ಅಂಥ ನಾಲ್ಕಾರು ಪರಮಾಣು ಸೇರಿದರೆ ಸಾಕು, ಡೆವಲಪರ್ ದ್ರಾವಣ ಆ ಇಡೀ ಕಣವನ್ನು ಕಪ್ಪು ಬೆಳ್ಳಿಯಾಗಿಸುತ್ತದೆ. ಬೆಳಕು ಬೀಳದ ಕಣಗಳನ್ನು ಹೈಪೋ ಕರಗಿಸಿ ಒಯ್ಯುತ್ತದೆ. ಸ್ವಲ್ಪ ಅಯೋಡೈಡ್ ಬೆರೆಸಿದರೆ ಫಿಲ್ಮ್ ಇನ್ನೂ ಚುರುಕು. ವೀರಣ್ಣನವರ ಮುಖ ತೆರೆಯ ಮೇಲೆ ಮೂಡಿದ್ದು ಬೆಳ್ಳಿಯಿಂದಲೇ. ಭಾರತದ ಹಳೆಯ ಚಿತ್ರಗಳ ಎಷ್ಟೋ ಪ್ರಿಂಟುಗಳು ಮಾಯವಾದದ್ದೂ ಅದೇ ಬೆಳ್ಳಿಯಿಂದ. ಓಡಾಟ ಮುಗಿದ ರೀಲುಗಳನ್ನು ಗುಜರಿಗೆ ಕೊಂಡು ಬೆಳ್ಳಿ ತೆಗೆಯುವುದು ಆಗ ಒಂದು ಕಸುಬೇ ಆಗಿತ್ತು.

ಕುಣಿಗಲ್‌ನಲ್ಲಿ ಕಾಣುವುದು ಎರಡೂ ಗುಂಪುಗಳ ಜೋಡಿ. ಅಲ್ಲಿನ ಕುದುರೆ ಫಾರಂನಲ್ಲಿ ಬೆಳೆದ ಥರೋಬ್ರೆಡ್ ಕುದುರೆಗಳು ರೇಸಿನಲ್ಲಿ ಹೆಸರು ಮಾಡಿವೆ. ಮನುಷ್ಯನ ಬೆವರು ಅವನ ರಕ್ತಕ್ಕಿಂತ ಸಪ್ಪೆ. ಕುದುರೆಯ ಬೆವರು ಹಾಗಲ್ಲ, ರಕ್ತದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಉಪ್ಪು. ಓಡಿ ಬಂದ ಕುದುರೆ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮೂರನ್ನೂ ಒಟ್ಟಿಗೆ ಕಳೆದುಕೊಂಡಿರುತ್ತದೆ. ನರದಲ್ಲಿ ಸಂದೇಶ ಹರಿಯುವುದು ಸೋಡಿಯಂ ಒಳಗೆ ನುಗ್ಗಿ ಪೊಟ್ಯಾಸಿಯಂ ಹೊರಗೆ ಹೋಗುವುದರಿಂದ. ಅವೆರಡನ್ನೂ ಮತ್ತೆ ಸ್ವಸ್ಥಾನಕ್ಕೆ ತಳ್ಳುವ ಪಂಪನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಗುರುತಿಸಿದರು, ನೊಬೆಲ್ ಸಿಕ್ಕಿದ್ದು 1997ರಲ್ಲಿ. ಹಾಗೆ ಬೆವರಿದ ಕುದುರೆಗೆ ಬರೀ ನೀರು ಕುಡಿಸಿದರೆ ರಕ್ತ ತೆಳ್ಳಗಾಗಿ ಬಾಯಾರಿಕೆಯೇ ಅಡಗಿಬಿಡುತ್ತದೆ, ಮೈಯ ಕೊರತೆ ಹಾಗೇ ಉಳಿಯುತ್ತದೆ. ಅದಕ್ಕೇ ಕುದುರೆ ಸಾಕುವವರು ಲಾಯದಲ್ಲಿ ನೆಕ್ಕಲು ಉಪ್ಪಿನ ಗಟ್ಟಿ ಇಡುತ್ತಾರೆ.

ಇನ್ನು ಕಲ್ಪತರು ನಾಡಿನ ತೆಂಗು. ಫಲ ಬಿಡುವ ಒಂದು ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಆ ಪೊಟ್ಯಾಷ್ ಅಂಗಡಿಯಲ್ಲಿ ಸಿಗುವುದು ಕೆಂಪು ಹರಳಿನ ಎಂಒಪಿ ಚೀಲವಾಗಿ, ಮರಕ್ಕೆ ಸುಮಾರು ಎರಡು ಕಿಲೋ. ದೇಶ ಅದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹೊರಗಿನಿಂದ ತರಿಸುತ್ತದೆ. ದೇವರಾಯನದುರ್ಗದ ಬಂಡೆಯ ತುಂಬ ಪೊಟ್ಯಾಸಿಯಂ ಇದ್ದರೂ ಫೆಲ್ಡ್‌ಸ್ಪಾರ್ ಅದನ್ನು ಬಿಟ್ಟುಕೊಡುವ ವೇಗ ಬೇರಿಗೆ ಸಾಲದು. ಎಂಒಪಿ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಎರಡೂ ಗುಂಪಿನವರು ಒಂದೇ ಚೀಲದಲ್ಲಿ. ಬಹುಕಾಲ ಅದರ ಕ್ಲೋರೈಡನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಫಿಲಿಪ್ಪೀನ್ಸ್‌ನ ತೋಟಗಳಲ್ಲಿ ವಿಜ್ಞಾನಿ ಫಾನ್ ಯುಕ್ಸ್‌ಕ್ಯುಲ್ ನಡೆಸಿದ ಪ್ರಯೋಗಗಳು, ಗೊಬ್ಬರಕ್ಕೆ ತೆಂಗು ಸ್ಪಂದಿಸುವುದರಲ್ಲಿ ಕ್ಲೋರಿನ್ ಪಾಲೂ ದೊಡ್ಡದೆಂದು ತೋರಿಸಿದವು. ಕಡಲಿನಿಂದ ದೂರದ ತೋಟಗಳಲ್ಲಿ ಈ ಕೊರತೆ ಹೆಚ್ಚು.

ತೆಂಗಿನ ಸಸಿ ನೆಡುವ ಗುಂಡಿಗೆ ಉಪ್ಪು ಹಾಕುವ, ಪಾತಿಗೆ ಒಲೆಯ ಬೂದಿ ಸುರಿಯುವ ಹಳೆಯ ಪದ್ಧತಿಗೆ ಈ ಲೆಕ್ಕದಲ್ಲಿ ಅರ್ಥವಿದೆ: ಬೂದಿಯಲ್ಲಿ ಪೊಟ್ಯಾಸಿಯಂ, ಉಪ್ಪಿನಲ್ಲಿ ಕ್ಲೋರೈಡ್. ಆದರೆ ಆ ಪದ್ಧತಿ ಬೆಳೆದದ್ದು ಮಳೆನೀರು ಮತ್ತು ಕೆರೆನೀರಿನ ಕಾಲದಲ್ಲಿ. ಇಂದು ಗುಬ್ಬಿ, ಕುಣಿಗಲ್‌ನ ಎಷ್ಟೋ ತೋಟಗಳು ಕುಡಿಯುವುದು ಆಳದ ಕೊಳವೆಬಾವಿಯ ನೀರನ್ನು, ಅದರಲ್ಲಿ ಸೋಡಿಯಂ, ಕ್ಲೋರೈಡ್ ಮೊದಲೇ ಏರಿರಬಹುದು. ಸೋಡಿಯಂ ಹೆಚ್ಚಾದರೆ ಜೇಡಿಯ ಕಣಗಳು ಚದುರಿ ಮಣ್ಣು ಗಾರೆಯ ಹಾಗೆ ಬಿಗಿದುಕೊಳ್ಳುತ್ತದೆ, ನೀರು ಇಂಗುವುದಿಲ್ಲ, ನೆಲ ಚೌಳಾಗುತ್ತದೆ. ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಹತ್ತಿರದ ಬೇರೆ ಪ್ರಯೋಗಾಲಯದಲ್ಲೋ ಒಂದು ಬಾಟಲಿ ನೀರು, ಒಂದು ಮುಷ್ಟಿ ಮಣ್ಣು ಪರೀಕ್ಷೆ ಮಾಡಿಸಿ, ವರದಿಯಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಎದುರಿನ ಅಂಕಿ ನೋಡಿದ ಮೇಲೆ ಉಪ್ಪಿನ ಚೀಲ ಬಿಚ್ಚುವುದು ಲೇಸು. ಅದೇ ಬಾವಿಯ ನೀರನ್ನು ತೋಟದ ಮನೆಯವರೂ ಕುಡಿಯುತ್ತಿದ್ದರೆ, ಫ್ಲೋರೈಡ್ ಪರೀಕ್ಷೆಯನ್ನೂ ಜೊತೆಯಲ್ಲೇ ಬರೆಸಬೇಕು. ಕೃಷಿ ನೀರಿನ ಮಾಮೂಲಿ ವರದಿಯಲ್ಲಿ ಆ ಸಾಲು ಇರಲೇಬೇಕೆಂದೇನಿಲ್ಲ.